ಹಿಂದಿನ ವಾಸಸ್ಥಳ

ಗದಗ ರೋಡಿನ ಡೀಸೆಲ್ ಶೆಡ್ಡಿನ ಬೆನ್ನಿಗೆ
ಮೂರನೆಯ ಓಣಿ, ನಲವತ್ತೊಂದನೆಯ ಮನೆ.
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನನ್ನದೇ ಅಂಕಿ,
ಹೋದ ವಾರ ಬರೆದದ್ದು. ಆಗಲೇ ಯಾವುದೋ ಮಗು
ಒಂದಕ್ಕೊಂದು ಬಾಲ ಎಳೆದಿದೆ.

ಯಜಮಾನ: ಹಜರತಸಾಬ ನದಾಫ, ನಲವತ್ತಾರು.
ಕೆಲಸ: ರೇಲ್ವೆ, ಇಂಜಿನ್ ರಿಪೇರಿ.
ಹೆಂಡತಿ ಬೀಬಿಜಾನ. ಮಕ್ಕಳು ಮೂವರು.
ಪೆನ್ನು ಸರಾಗ ಓಡುತ್ತಿತ್ತು,
'ಹಿಂದಿನ ವಾಸಸ್ಥಳ' ಎಂಬಲ್ಲಿಗೆ ಬರುವ ತನಕ.

'ದಕ್ಷಿಣಾ ರೀ ಅಕ್ಕೋರ.'
ದಕ್ಷಿಣ ಅಂದರೆ? ಹಾವೇರಿಯೇ? ರಾಣೆಬೆನ್ನೂರೇ?
'ಇನ್ನೂ ಕೆಳಗ.'
ಕನ್ಯಾಕುಮಾರಿ?
'ಇನ್ನೂ. ನೆಲಾ ತೀರಿ, ನೀರು ತೀರಿ,
ಮತ್ತ ನೆಲಾ ಸುರುವಾಗತೈತಲ್ರಿ, ಅಲ್ಲೆ.
ಎಪ್ಪತ್ತು ಡಿಗ್ರಿ. ಹದಿನಾಲ್ಕು ತಿಂಗಳಾ ಇದ್ದೆ.
ನಮ್ಮ ದೇಶದ ಠಾಣೇಕ ಜನರೇಟರ್ ನೋಡಾಂವ ಬೇಕಾಗಿದ್ದ.'

ಶಾಲೆಯ ಗ್ಲೋಬಿನಲ್ಲಿ ಆ ಜಾಗ ನನಗೆ ಗೊತ್ತು,
ಹಿತ್ತಾಳೆಯ ತಿರುಪು ಕೂತಲ್ಲಿ,
ಸುತ್ತ ಬಿಳಿ ಬಣ್ಣ ಸುಲಿದು ರಟ್ಟು ಕಾಣುವಲ್ಲಿ.
ಅಲ್ಲಿ ಯಾರಾದರೂ ಒಗ್ಗರಣೆ ಹಾಕುತ್ತಾರೆಂದು
ಐದನೆಯತ್ತೆಯ ಯಾವ ಹುಡುಗರಿಗೂ ನಾನು ಹೇಳಿರಲಿಲ್ಲ.

ಹಳ್ಳಿಯೋ ಪಟ್ಟಣವೋ? ಫಾರ್ಮು ಕೇಳುತ್ತದೆ.
'ಇಪ್ಪತ್ತೈದು ಮಂದಿ ಇದ್ವಿ.'
ಜಿಲ್ಲೆ? ಆತ ನಕ್ಕ.
ರಾಜ್ಯ? ಸೆರಗು ಬಾಯಿಗಿಟ್ಟು ಆಕೆಯೂ.
ದೇಶ?
'ಅದು ಯಾರ್ದೂ ಅಲ್ರಿ,' ಎಂದ ಮೆಲ್ಲಗೆ,
ಮಸೀದಿಯೊಳಗೆ ಮಾತಾಡಿದಂತೆ.

'ನಮ್ಮಪ್ಪ ಬಿಲ್ಲು ಹಿಡದು ಹತ್ತಿ ಹಿಂಜಾಂವ.
ಗಾಳಿ ಎದ್ದ ದಿನಾ ಥೇಟ್ ನಮ್ಮ ಪಡಸಾಲಿ ಆಗತಿತ್ತು,
ಮೂಗಿನಾಗ, ಹುಬ್ಬಿನಾಗ, ಎಲ್ಲಾ ಅರಳಿ.
ಹಗ್ಗಾ ಹಿಡಕೊಂಡು ಇಂಜಿನ್ ಖೋಲಿಗೆ ಹೋಗೂದು.
ಖರೆ ಅದು ಯಾರ ಗಾದಿಗೂ ತುಂಬೂ ಹತ್ತಿ ಅಲ್ಲ.

'ರಂಜಾನದಾಗ ಸೂರ್ಯಾ ಮುಣಗಲೇ ಇಲ್ಲ.
ಒಂದು ಗಡಿಯಾರಾ ಹುಬ್ಬಳ್ಳಿ ಟೈಮಿಗೆ ಇಟ್ಟಿದ್ದೆ.
ಇಲ್ಲಿ ಮುಣಗಿತು ಅಂದ್ರ ಅಲ್ಲಿ ರೋಜಾ ಬಿಟ್ಟೆ.
ಕಣ್ಣ ತುಂಬ ಬಿಸಲು, ಬಾಯಾಗ ಖಜೂರಾ.'
ಬೀಬಿಜಾನ ಒಳಗಿನಿಂದ ನೀರು ತಂದಿಟ್ಟಳು.
ಆ ಹೊತ್ತಿಗೆ ಆಕೆ ಏನು ಮಾಡುತ್ತಿದ್ದಳೆಂದು
ನಾನು ಕೇಳಲಿಲ್ಲ. ಕಾಲಂ ಇರಲಿಲ್ಲ.

'ಊರಂತ ಮಾತ್ರ ಬರಕೋಬ್ಯಾಡ್ರಿ ಅಕ್ಕೋರ.
ಅಲ್ಲೆ ಗೋರಿಸ್ಥಾನಿಲ್ಲ, ಸುಡುಗಾಡಿಲ್ಲ.
ಹೇತದ್ದು ಸೈತ ಡಬ್ಬಿ ಕಟ್ಟಿ ಹಡಗಿಗೆ ಏರಸಬೇಕು,
ನೆಲಕ್ಕ ಏನೂ ಬಿಡೂಹಂಗಿಲ್ಲ.
ಆದ್ರ ಆ ಕಡೆ ಚಿಲಿ ದೇಶದವರದೊಂದು ಓಣಿ ಐತೆಂತ,
ಹೆಂಡರು, ಮಕ್ಕಳು, ಸಾಲಿ, ಟಪಾಲ ಕಚೇರಿ.
ಅಲ್ಲಿರಬೇಕಂದ್ರ ಮೊದಲ ಹೊಟ್ಟಿ ಕೊಯ್ಸಿ
ಅಪೆಂಡಿಕ್ಸ್ ತಗಸಿ ಬರಬೇಕಂತ. ಹುಡುಗೂರೂ.
ಕೊಯ್ಯೂ ಡಾಕ್ಟರ ಅಷ್ಟು ದೂರ ಅದಾನ.'

ಬರೆಯುವುದನ್ನು ನಿಲ್ಲಿಸಿದೆ.
ನರೇಗಲ್ಲಿನಿಂದ ಈ ಊರಿಗೆ ಬಂದಾಗ ನನಗೆ ಹತ್ತೊಂಬತ್ತು.
ಹೊಟ್ಟೆಯ ಮೇಲೆ ಗಾಯವಿಲ್ಲ,
ಅಕ್ಕಿಯಲ್ಲಿ ಬೆರಳಾಡಿಸಿ ಬರೆದ ಹೊಸ ಹೆಸರಿದೆ.
ಹಳೆಯದನ್ನು ಯಾವ ಹಡಗು ಒಯ್ದಿತೋ.

ನಲವತ್ತೆರಡನೆಯ ಮನೆಗೆ ಬೀಗ.

ಸಂಜೆ ಕೇಶ್ವಾಪುರದ ಕಚೇರಿಯಲ್ಲಿ ಮೇಲ್ವಿಚಾರಕರು
ಕನ್ನಡಕ ಏರಿಸಿ ಓದಿದರು: ಎಪ್ಪತ್ತು ಡಿಗ್ರಿ ದಕ್ಷಿಣ.
'ಇದೇನ್ರಿ ಮೇಡಂ, ಜ್ವರಾ ಏನು?'
ಕೆಂಪು ಶಾಯಿಯಲ್ಲಿ ಹೊಡೆದು ಬರೆದರು: ಅನ್ವಯಿಸುವುದಿಲ್ಲ.

ಮರುದಿನ ಪ್ರಾರ್ಥನೆಗೂ ಮೊದಲು
ಗ್ಲೋಬನ್ನು ಮಗ್ಗುಲಾಗಿಸಿ ನಾಕಾಣೆಯಿಂದ ತಿರುಪು ಬಿಚ್ಚಿದೆ.
ಸುತ್ತೆಲ್ಲ ಸವೆದಿದ್ದರೂ ತಿರುಪಿನ ಕೆಳಗೆ
ಕಾಸಿನಗಲ ಬಿಳುಪು, ಅಂಗಡಿಯಿಂದ ತಂದ ದಿನದಷ್ಟು ಹೊಸತು.
ನಡುವೆ ಒಂದು ತೂತು.
ಬೆರಳಿಟ್ಟರೆ ಒಳಗಿನಿಂದ
ಸಣ್ಣಗೆ ಗಾಳಿ.